ಪಂಚಮಿಗೆ ಪುಟ್ಟಿಗೂ ಒಂದು ಜೋಕಾಲಿ

ಮೆಲ್ಬರ್ನ್

ಪ್ರೀತಿಯ ಸುಧಾ,

ಅಕ್ಕನ ಆಶೀರ್ವಾದ. ಅಪ್ಪ, ಅವ್ವನಿಗೆ ನಮಸ್ಕಾರ ತಿಳಿಸು. ಪಂಚಮಿಗೆ ಹಿತ್ತಲ ಹುಣಸೆ ಮರಕ್ಕೆ ಜೋಕಾಲಿ ಕಟ್ಟುತ್ತಾರೆ, ಸ್ನಾಯು ಸೆಟೆಯುವ ತೊಂದರೆಯಿರುವ ಪುಟ್ಟಿಯನ್ನು ಅವಳ ಗಾಲಿಕುರ್ಚಿಯಲ್ಲೇ ಹತ್ತಿರ ಕೂರಿಸಿ ತೋರಿಸಿದರೆ ಸಾಕೇ ಎಂದು ಕೇಳಿದ್ದೀಯ. ಸಾಲದು ಸುಧಾ. ಆರು ವರ್ಷದ ಹುಡುಗಿ, ಅವಳೂ ಜೀಕಬೇಕು. ಅದೂ ಉಳಿದ ಮಕ್ಕಳ ಜೊತೆಗೇ.

ಜೊತೆಗೆ ಅನ್ನುವುದನ್ನು ಒತ್ತಿ ಹೇಳಲು ಕಾರಣವಿದೆ. ಗಾಲಿಕುರ್ಚಿ ಸಮೇತ ಏರಿಸುವ ‘ಲಿಬರ್ಟಿ ಸ್ವಿಂಗ್’ ಹುಟ್ಟಿದ್ದು ಈ ಆಸ್ಟ್ರೇಲಿಯಾದಲ್ಲೇ, ಇಲ್ಲಿನ ಹಲವು ಪಾರ್ಕುಗಳಲ್ಲಿದೆ. ಉಕ್ಕಿನ ಭಾರದ ಜೋಕಾಲಿ, ತಗುಲಿದರೆ ಪೆಟ್ಟಾಗುತ್ತದೆಂದು ಸುತ್ತ ಬೇಲಿ ಹಾಕಿರುತ್ತಾರೆ. ಗೇಟಿಗೆ ಬೀಗ, ಅದಕ್ಕೆ ಬೇರೆಯದೇ ಕೀಲಿಕೈ. ಒಳಗೆ ಒಂದು ಮಗು, ಹೊರಗೆ ಅದರ ಅಣ್ಣ ತಂಗಿ. ಕುರ್ಚಿಯಿಂದ ಇಳಿಸಲು ಬಾರದ ಮಗುವಿಗೆ ಅದು ಬೇಕೇ ಬೇಕು. ಇಳಿಸಲು ಬರುವ ಮಗುವಿಗೆ ನನ್ನ ಆಯ್ಕೆ, ಹಕ್ಕಿಗೂಡಿನಂಥ ಅಗಲವಾದ ಬಲೆಯ ಜೋಕಾಲಿ. ಇಬ್ಬರು ಮೂವರು ಒಟ್ಟಿಗೆ ಮೈಚಾಚಬಹುದು. ಅಂಥದ್ದಕ್ಕೆ ಬೇಕಾದ ಸಾಮಾನು ನಿಮ್ಮ ಅಟ್ಟದ ಮೇಲೇ ಇದೆ: ಅವ್ವನ ಸಣ್ಣ ಹೊರಸು, ಆ ಹೆಣೆದ ಮಂಚ.

ಹೊರಸಿನ ಕಾಲುಗಳನ್ನು ಗರಗಸದಿಂದ ಕೊಯ್ಸಿಬಿಡು, ಇಲ್ಲದಿದ್ದರೆ ಪಕ್ಕದಲ್ಲಿ ನಿಂತ ಮಕ್ಕಳ ಮೊಣಕಾಲಿಗೆ ಬಡಿಯುತ್ತವೆ. ಹಗ್ಗವನ್ನು ಚೌಕಟ್ಟಿಗೆ ಬಿಗಿದು ನಿಲ್ಲಿಸಬೇಡ. ತಲೆಯ ಕಡೆ ಒಂದು, ಕಾಲಿನ ಕಡೆ ಒಂದು, ಎರಡೂ ಹಗ್ಗ ಚೌಕಟ್ಟಿನ ಅಡಿಯಿಂದ ಹಾದು ಆಚೀಚೆ ಮೇಲೆ ಬರಬೇಕು. ಆಗ ಭಾರ ಹಗ್ಗದ ಮೇಲಿರುತ್ತದೆ, ಹಳೆಯ ಮರದ ಕೀಲಿನ ಮೇಲಲ್ಲ. ಜಾರದಂತೆ ಮೂಲೆಗಳಲ್ಲಿ ಸಣ್ಣ ಕಚ್ಚು ಹಾಕಿಸು. ಹೆಬ್ಬೆರಳಷ್ಟು ದಪ್ಪದ ಹೊಸ ಹಗ್ಗವೇ ಬೇಕು. ಹೋದ ವರ್ಷದ್ದು ಹೊರಗಿನಿಂದ ಗಟ್ಟಿ ಕಂಡರೂ ಎಳೆ ಬಿಡಿಸಿ ನೋಡು, ಒಳಗೆ ಪುಡಿ ಉದುರಿದರೆ ಅದು ದನ ಕಟ್ಟಲಿಕ್ಕೂ ಬೇಡ. ಕೊಂಬೆ ಹಸಿರಾಗಿರಬೇಕು, ತೊಡೆಗಿಂತ ದಪ್ಪವಿರಬೇಕು. ಹಗ್ಗ ಕೂರುವಲ್ಲಿ ಗೋಣಿಚೀಲ ಸುತ್ತಿಸು, ತಿಕ್ಕಾಟಕ್ಕೆ ಮೊದಲು ಸವೆಯುವುದು ಅಲ್ಲೇ. ಜೋರಾಗಿ ಜೀಕಿದಾಗ ತಳದಲ್ಲಿ ಹಗ್ಗದ ಮೇಲೆ ಬೀಳುವ ಜಗ್ಗು ಕೂತವರ ತೂಕದ ಎರಡರಷ್ಟಾಗುತ್ತದೆ. ಅದಕ್ಕೇ ಮೊದಲು ಇಬ್ಬರು ದೊಡ್ಡವರು ಕೂತು ಹತ್ತು ನಿಮಿಷ ಜೀಕಿ ನೋಡಲಿ. ನೆಲದಿಂದ ಒಂದೂವರೆ ಅಡಿ ಎತ್ತರ ಸಾಕು. ಕೆಳಗೆ ಒಂದು ಅಡಿ ದಪ್ಪಕ್ಕೆ ಸಡಿಲ ಮರಳು ಇರಲಿ. ಶ್ರಾವಣದ ಜಿಟಿಜಿಟಿ ಮಳೆಗೆ ನೆನೆದು ಒಣಗುವ ಹಗ್ಗದ ಗಂಟು ಸಡಿಲಾಗಬಹುದು, ದಿನಾ ಬೆಳಿಗ್ಗೆ ನಿಮ್ಮವರು ಜಗ್ಗಿ ನೋಡಲಿ.

ಇನ್ನು ಪುಟ್ಟಿಯನ್ನು ಕೂರಿಸುವುದು. ಹೆಚ್ಚಿನವರು ತಪ್ಪುವುದು ಇಲ್ಲಿ. ಕಂಕುಳಲ್ಲಿ ಕೈ ಹಾಕಿ ಎತ್ತಿದರೆ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತವೆ, ಬೆನ್ನು ಬಿಲ್ಲಾಗುತ್ತದೆ. ಆಮೇಲೆ ಎಷ್ಟು ಬಲ ಹಾಕಿದರೂ ಕೂರಿಸಲಾಗದು, ಬಲ ಹಾಕಿದಷ್ಟೂ ಸೆಟೆತ ಹೆಚ್ಚುತ್ತದೆ. ಮೊದಲು ಮೊಣಕಾಲು ಮಡಚಿ ಎದೆಯ ಕಡೆ ತಾ, ಒಂದು ಕೈ ತೊಡೆಯ ಕೆಳಗೆ, ಇನ್ನೊಂದು ಬೆನ್ನ ಹಿಂದೆ ಇಟ್ಟು ಉಂಡೆಯಂತೆ ಎತ್ತು. ಎತ್ತುವ ಮುಂಚೆ ‘ಈಗ ಎತ್ತತೇನಿ’ ಅಂತ ಹೇಳಿ ಐದು ಎಣಿಸು. ಅವಳಿಗೆ ತಯಾರಾಗಲು ಅಷ್ಟು ಹೊತ್ತು ಬೇಕು. ಇನ್ನೊಬ್ಬರು ಹೊರಸನ್ನು ಅಲುಗದಂತೆ ಹಿಡಿದಿರಲಿ.

ತಲೆಯ ಕಡೆ ನಿನ್ನ ನಾದಿನಿಯೋ ದೊಡ್ಡ ಮಗನೋ ಕಾಲು ಚಾಚಿ ಕೂರಲಿ, ಅವರ ಕಾಲುಗಳ ನಡುವೆ ಪುಟ್ಟಿ, ಬೆನ್ನು ಅವರ ಎದೆಗೆ ಆನಿಸಿ. ಮೊಣಕಾಲಡಿ ಸುತ್ತಿದ ಕೌದಿ, ಎರಡು ಮೊಣಕಾಲುಗಳ ನಡುವೆ ಮಡಿಸಿದ ಟವೆಲ್. ಸೊಂಟ ಬಗ್ಗಿದ್ದರೆ ಬೆನ್ನು ಸೆಟೆಯುವುದು ತಾನೇ ಕಡಿಮೆಯಾಗುತ್ತದೆ. ಬೆಲ್ಟು ಹೊಟ್ಟೆಯ ಮೇಲಲ್ಲ, ತೊಡೆಸಂದಿಯ ಹತ್ತಿರ ಕೆಳಮುಖವಾಗಿ ಬರಬೇಕು. ಶಾಲೆಯ ಚೀಲದಲ್ಲಿ ಬರುತ್ತದಲ್ಲ, ಒತ್ತಿದರೆ ಬಿಚ್ಚುವ ಕ್ಲಿಪ್ಪು, ಅಂಥದ್ದನ್ನೇ ಹೊಲಿಸು. ಸೀರೆ, ವೇಲು ಕಟ್ಟಿ ಗಂಟು ಹಾಕಬೇಡ. ಅದು ಕುತ್ತಿಗೆಗೆ ಸರಿಯಬಹುದು, ಅವಸರಕ್ಕೆ ಬಿಚ್ಚಲೂ ಬಾರದು.

ಹಿಂದಿನಿಂದ ಯಾರೂ ನೂಕಕೂಡದು. ಕಾಣದ ಕೈ ತಗುಲಿದರೆ ಬೆಚ್ಚಿಬೀಳುತ್ತಾಳೆ, ಆ ಬೆಚ್ಚಿಗೇ ಮೈಯೆಲ್ಲ ಸೆಟೆಯುತ್ತದೆ. ಹೊರಸಿನ ಪಕ್ಕಕ್ಕೆ ಒಂದು ಸಣ್ಣ ಹಗ್ಗ ಕಟ್ಟಿ, ಕಾಲಿನ ಕಡೆಗೆ ಪಕ್ಕದಲ್ಲಿ, ಅವಳಿಗೆ ಕಾಣುವಂತೆ ನಿಂತು ಎಳೆಯಲಿ. ಈ ಕಟ್ಟಿನಲ್ಲಿ ಹೊರಸು ತೊಟ್ಟಿಲಿನಂತೆ ಅಡ್ಡಕ್ಕೆ ತೂಗುತ್ತದೆ, ಮೈಗೆ ಪರಿಚಯದ ತೂಗು ಅದು. ಐದು ತೂಗಿಗೆ ನಿಲ್ಲಿಸಿ. ನಿಲ್ಲಿಸಿ ಸುಮ್ಮನೆ ಹತ್ತು ಎಣಿಸಿ. ‘ಇನ್ನೂ ಬೇಕಾ, ಬೇಕಾ’ ಎಂದು ನಾಲ್ಕು ಜನ ಒಟ್ಟಿಗೆ ಕೇಳಿದರೆ ಅವಳ ಉತ್ತರ ಮಧ್ಯದಲ್ಲೇ ಕಳೆದುಹೋಗುತ್ತದೆ. ಕಣ್ಣು ಮೇಲೆತ್ತಿದರೆ ‘ಹೂಂ’ ಅಂತ ತಾನೆ ಅವಳ ಗುರುತು? ಅದನ್ನು ಎಲ್ಲ ಮಕ್ಕಳಿಗೂ ಮೊದಲೇ ಕಲಿಸು. ಆಗ ಜೋಕಾಲಿ ನಡೆಸುವವಳು ಅವಳೇ ಆಗುತ್ತಾಳೆ, ಉಳಿದವರು ಅವಳ ಅಪ್ಪಣೆಗೆ ಕಾಯುತ್ತಾರೆ. ನಿನಗೆ ಬೇರೆಲ್ಲ ಮರೆತರೂ ಈ ಹತ್ತು ಎಣಿಸುವುದು ಮರೆಯಬೇಡ.

ಮೊದಲ ದಿನ ಎರಡು ಮೂರು ನಿಮಿಷ ಸಾಕು. ಗಿರಗಿರ ತಿರುಗಿಸುವುದು ಬೇಡ. ಮುಖ ಬಿಳಚಿದರೆ, ಬೆವರಿದರೆ, ಆಕಳಿಕೆ ಬಂದರೆ ಇಳಿಸು. ಚಳಿಗೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಸ್ವೆಟರ್, ಕಾಲುಚೀಲ ಹಾಕು. ಕಾಲಿಗೆ ಆಧಾರಕ್ಕೆ ಹಾಕುವ ಪಟ್ಟಿ ಬಿಚ್ಚಿದ ಮೇಲೆ ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯದಿದ್ದರೆ ಪಟ್ಟಿ ಒತ್ತುತ್ತಿದೆ ಎಂದರ್ಥ. ಮಾಡಿಕೊಟ್ಟವರಿಗೆ ತೋರಿಸು, ಅಲ್ಲಿಯವರೆಗೆ ಹಾಕಬೇಡ.

ಹಬ್ಬದ ತಿನಿಸಿನ ವಿಷಯಕ್ಕೆ ನನಗೆ ನಿಜವಾಗಿ ಭಯ. ಜೋಳದ ಅರಳು, ಶೇಂಗಾ ಉಂಡಿ, ಎಳ್ಳುಂಡಿ, ಮೂರೂ ನುಂಗಲು ತೊಂದರೆಯಿರುವ ಮಗುವಿಗೆ ಗಂಟಲಲ್ಲಿ ಸಿಗುವಂಥವು. ಅಕ್ಕಪಕ್ಕದವರು ಪ್ರೀತಿಯಿಂದಲೇ ಬಾಯಿಗೆ ಇಡುತ್ತಾರೆ, ಅವರಿಗೆ ಮೊದಲೇ ಹೇಳಿಬಿಡು. ಜೋಕಾಲಿಯಲ್ಲಿ, ಒರಗಿದಾಗ, ನಗುವಾಗ ಏನೂ ತಿನ್ನಿಸಬಾರದು. ನೆಟ್ಟಗೆ ಕೂರಿಸಿ ಮೆತ್ತಗಿನ ಪಾಯಸ ಕೊಡಿ, ಅದಾದ ಮೇಲೆ ಕನಿಷ್ಠ ಅರ್ಧ ಗಂಟೆ ಜೀಕುವುದು ಬೇಡ.

ಫಿಟ್ಸ್ ಬಂದರೆ ಹೊರಸು ನಿಲ್ಲಿಸಿ, ಕ್ಲಿಪ್ ಬಿಚ್ಚಿ, ನೆಲಕ್ಕೆ ಇಳಿಸಿ ಒಂದು ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ, ಬಾಯಿಗೆ ಚಮಚ, ನೀರು, ಯಾವುದೂ ಬೇಡ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ. ಡಾಕ್ಟರು ಮೂಗಿಗೆ ಬಿಡುವ ಔಷಧಿ ಬರೆದುಕೊಟ್ಟಿದ್ದರೆ ಅದು ಹಿತ್ತಲಲ್ಲೇ ಕೈಗೆ ಸಿಗುವಂತಿರಲಿ.

ಉಳಿದ ಮಕ್ಕಳಿಗೆ ಎಂಟು ಅಡಿ ದೂರದಲ್ಲಿ ರಂಗೋಲಿ ಪುಡಿಯ ಗೆರೆ ಎಳೆದುಕೊಡು, ಹೊರಸು ತೂಗುವಾಗ ಅದನ್ನು ದಾಟಬಾರದು. ಇನ್ನೊಂದು, ಯಾವಾಗಲಾದರೂ ಬೆಂಗಳೂರಿಗೆ ಹೋದರೆ ಕೋಲ್ಸ್ ಪಾರ್ಕಿಗೆ ಅವಳನ್ನು ಕರೆದುಕೊಂಡು ಹೋಗು. ‘ಕಿಲಿಕಿಲಿ’ ಅನ್ನುವ ಪಾಲಕರ ಸಂಸ್ಥೆ ಪಾಲಿಕೆಯ ಜೊತೆ ಸೇರಿ, ಎಲ್ಲ ಮಕ್ಕಳೂ ಕೂಡಿ ಆಡುವಂತೆ ಅಲ್ಲಿ ಜಾಗ ಮಾಡಿಸಿದೆ.

ಹೊರಸಿನ ಉದ್ದ, ಅಗಲ, ಪುಟ್ಟಿಯ ಸೊಂಟದ ಸುತ್ತಳತೆ, ಮೂರನ್ನೂ ಅಳೆದು ತಿಳಿಸು. ಕ್ಲಿಪ್ಪಿನ ಬೆಲ್ಟು ಅಲ್ಲಿ ಸಿಗದಿದ್ದರೆ ಇಲ್ಲಿಂದ ಕಳಿಸುತ್ತೇನೆ.

ನಿನ್ನ ಅಕ್ಕ