ಹೊಸ ಹಡಗಿನ ಫೋಟೊ ಸಾಕು, ಅದನ್ನು ಕಟ್ಟಿದ ಕಥೆ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಹೊಸ ಕ್ರೂಸ್ ಹಡಗುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಸುದ್ದಿ ಬರುತ್ತದೆ. ಬಂದಾಗಲೆಲ್ಲ ಮೊದಲು ಅದನ್ನೇ ಓದುತ್ತೇನೆ. ಆದರೆ ಪ್ರತಿ ಸಲವೂ ಅದೇ ನಾಲ್ಕು ಸಾಲು. ಎಷ್ಟು ಈಜುಕೊಳ, ಎಷ್ಟು ರೆಸ್ಟೊರೆಂಟು, ಜಾರುಬಂಡಿ ಎಷ್ಟು ಎತ್ತರ, ಟಿಕೆಟ್ ಎಷ್ಟು. ಹಡಗು ಹೊರಡುವ ದಿನ ಒಂದು ದೊಡ್ಡ ಫೋಟೊ ಹಾಕಿ ಮುಗಿಸುತ್ತೀರಿ. ಅದಕ್ಕೂ ಮುಂಚಿನ ಎರಡು ಮೂರು ವರ್ಷ ಅಲ್ಲಿ ಏನು ನಡೆಯಿತು, ಯಾರು ಕಟ್ಟಿದರು, ಹೇಗೆ ಕಟ್ಟಿದರು, ನಡುವೆ ಏನೇನು ಕೈಕೊಟ್ಟಿತು ಅನ್ನುವುದು ಬರುವುದೇ ಇಲ್ಲ. ನನಗೆ ಅದು ಬೇಕು. ನನ್ನ ಹುಡುಗರಿಗೆ ಇನ್ನೂ ಜಾಸ್ತಿ ಬೇಕು.

ನನ್ನ ಹುಡುಗರು ಅಂದರೆ ನಾನು ಕಲಿಸಿದವರು. ಐಟಿಐನಲ್ಲಿ ವೆಲ್ಡರ್ ಟ್ರೇಡ್ ಕಲಿಸಿ ನಿವೃತ್ತನಾಗಿದ್ದೇನೆ. ಅವರಲ್ಲಿ ಕೆಲವರು ಇಲ್ಲೇ ದಾವಣಗೆರೆ, ಹರಿಹರದ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ ಮಾಡುತ್ತಾರೆ, ಕೆಲವರು ಬೆಂಗಳೂರಿಗೆ ಹೋದರು, ಇನ್ನು ಕೆಲವರು ಗಲ್ಫ್‌ನಲ್ಲಿ ಪೈಪ್‌ಲೈನ್ ಕೆಲಸದಲ್ಲಿದ್ದಾರೆ. ನಮ್ಮದೊಂದು ವಾಟ್ಸ್‌ಆ್ಯಪ್ ಗುಂಪಿದೆ. ಅದರಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಹೆಚ್ಚು ಓಡಾಡುವುದು ಹಡಗು ಕಟ್ಟುವ ವಿಡಿಯೊಗಳೇ. ಸಮುದ್ರವೇ ಇಲ್ಲದ ಊರಿನವರಿಗೆ ಹಡಗಿನ ಮೇಲೆ ಯಾಕಿಷ್ಟು ಆಸೆ ಅಂತ ಕೆಲವರು ಕೇಳುತ್ತಾರೆ. ಕಬ್ಬಿಣದ ಕೆಲಸ ಗೊತ್ತಿದ್ದವನಿಗೆ ಅದಕ್ಕಿಂತ ದೊಡ್ಡ ಕೆಲಸ ಯಾವುದಿದೆ ಹೇಳಿ.

ನಮ್ಮ ಗುಂಪಿನವರೆಲ್ಲ ಎದುರು ನೋಡಿದ್ದು ಫಿನ್ಲೆಂಡಿನ ತುರ್ಕು ಊರಿನಲ್ಲಿ ಕಟ್ಟಿದ 'ಲೆಜೆಂಡ್ ಆಫ್ ದಿ ಸೀಸ್' ಹಡಗನ್ನು. 2026ರ ಜುಲೈನಲ್ಲಿ ಪ್ರಯಾಣ ಶುರು ಅಂತ ರಾಯಲ್ ಕೆರಿಬಿಯನ್ ಕಂಪನಿ ಹೇಳಿತ್ತು. ಇದೇ ಸಾಲಿನ ಮೊದಲ ಹಡಗು 'ಐಕಾನ್ ಆಫ್ ದಿ ಸೀಸ್'. ಅದರ ಲೆಕ್ಕ ನೋಡಿ. 2021ರ ಜೂನ್‌ನಲ್ಲಿ ಮೊದಲ ಉಕ್ಕಿನ ಪ್ಲೇಟು ಕತ್ತರಿಸಿದರು. 2022ರ ಏಪ್ರಿಲ್‌ನಲ್ಲಿ ತಳಪಾಯದ ಮೊದಲ ಬ್ಲಾಕ್ ಕೂರಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ತೇಲಿತು, 2023ರ ನವೆಂಬರ್‌ನಲ್ಲಿ ಕಂಪನಿಯ ಕೈಗೆ ಬಂತು, 2024ರ ಜನವರಿ 27ರಂದು ಮಿಯಾಮಿಯಿಂದ ಮೊದಲ ಪ್ರಯಾಣ ಹೊರಟಿತು. ಉದ್ದ 365 ಮೀಟರ್, 20 ಡೆಕ್, ಅಂದರೆ ಅಂತಸ್ತು. ಭರ್ತಿ ತುಂಬಿದರೆ 7,600 ಪ್ರಯಾಣಿಕರು, ಜೊತೆಗೆ 2,350 ಸಿಬ್ಬಂದಿ. ನಮ್ಮ ಕಡೆಯ ಒಂದು ದೊಡ್ಡ ಹೋಬಳಿ ಊರಿನ ಜನರನ್ನೆಲ್ಲ ಒಟ್ಟಿಗೆ ಎತ್ತಿಕೊಂಡು ಸಮುದ್ರಕ್ಕೆ ಹೋದ ಹಾಗೆ. ಮೊದಲ ಪ್ಲೇಟು ಕತ್ತರಿಸಿದಲ್ಲಿಂದ ಹಸ್ತಾಂತರದವರೆಗೆ ಎರಡೂವರೆ ವರ್ಷ ಅಷ್ಟೇ! ನಮ್ಮೂರಲ್ಲಿ ಒಂದು ಮೇಲ್ಸೇತುವೆ ಎಷ್ಟು ದಿನ ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತಿದೆ.

ಇಷ್ಟು ಬೇಗ ಹೇಗೆ ಮುಗಿಸುತ್ತಾರೆ ಅನ್ನುವುದೇ ನೀವು ಬರೆಯಬೇಕಾದ ಕಥೆ. ಕ್ರೂಸ್ ಹಡಗನ್ನು ಮನೆಯ ಹಾಗೆ ಕೆಳಗಿನಿಂದ ಒಂದೊಂದೇ ಅಂತಸ್ತು ಎಬ್ಬಿಸುವುದಿಲ್ಲ. ಪ್ಲೇಟುಗಳನ್ನು ಬೆಸೆದು ಪ್ಯಾನೆಲ್ ಮಾಡುತ್ತಾರೆ, ಪ್ಯಾನೆಲ್‌ಗಳನ್ನು ಸೇರಿಸಿ ಸೆಕ್ಷನ್, ಸೆಕ್ಷನ್‌ಗಳನ್ನು ಸೇರಿಸಿ ದೊಡ್ಡ ಬ್ಲಾಕ್. ಪೈಪು, ಕೇಬಲ್ ದಾರಿ, ಗಾಳಿಯ ಡಕ್ಟು ಸಾಧ್ಯವಾದಷ್ಟು ಬ್ಲಾಕ್‌ನ ಒಳಗೇ ಹಾಕಿಬಿಡುತ್ತಾರೆ. ಆಮೇಲೆ ನೂರಾರು ಟನ್ ತೂಕದ ಆ ಬ್ಲಾಕನ್ನು ಕ್ರೇನ್ ಎತ್ತಿ ಡ್ರೈ ಡಾಕ್‌ನಲ್ಲಿ, ಅಂದರೆ ನೀರು ಖಾಲಿ ಮಾಡಿದ ದೊಡ್ಡ ಹೊಂಡದಲ್ಲಿ, ಜೋಡಿಸುತ್ತದೆ. ಪ್ರಯಾಣಿಕರ ಕೋಣೆಗಳು ಬೇರೆ ಕಾರ್ಖಾನೆಯಲ್ಲಿ ಬಾತ್‌ರೂಮ್ ಸಮೇತ ರೆಡಿಯಾಗಿ ಬರುತ್ತವೆ, ಅವನ್ನು ಪಕ್ಕದಿಂದ ಒಳಗೆ ತಳ್ಳುತ್ತಾರೆ. ಎಲ್ಲಾ ಅಳತೆ ಸರಿಯಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಒಂದು ಬ್ಲಾಕ್ ಸ್ವಲ್ಪ ಸೊಟ್ಟಗಾದರೂ ಪಕ್ಕದ್ದರ ಜೊತೆ ಕೂರುವುದಿಲ್ಲ.

ಸೊಟ್ಟಗಾಗುವ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಇದು ನನ್ನ ಕಸುಬು. ಕ್ರೂಸ್ ಹಡಗಿನ ಮೇಲಿನ ಡೆಕ್‌ಗಳಿಗೆ ತೆಳು ಪ್ಲೇಟು ಹಾಕಲೇಬೇಕು. ಮೇಲಿನ ಭಾರ ಹೆಚ್ಚಾದರೆ ಹಡಗು ಅಲೆಯಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಆದರೆ ತೆಳು ಪ್ಲೇಟಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಅದು ಹಪ್ಪಳದ ಹಾಗೆ ಉಬ್ಬುತ್ತದೆ. ಯಾವ ಕಡೆಯಿಂದ ಶುರು ಮಾಡಬೇಕು, ಎಷ್ಟು ಬಿಟ್ಟು ಬಿಟ್ಟು ಟ್ಯಾಕ್, ಅಂದರೆ ಹಿಡಿದಿಡುವ ಸಣ್ಣ ಬೆಸುಗೆ, ಹಾಕಬೇಕು, ಕರೆಂಟ್ ಎಷ್ಟಿಡಬೇಕು ಅನ್ನುವುದನ್ನು ಶುರುವಿನಿಂದಲೇ ಹುಡುಗರಿಗೆ ಹೇಳಿಕೊಡುತ್ತೇವೆ. ಜರ್ಮನಿಯ ಮೇಯರ್ ವೆರ್ಫ್ಟ್ ಹಡಗುಕಟ್ಟೆಯಲ್ಲಿ ಇದಕ್ಕಾಗಿಯೇ ಪ್ಯಾನೆಲ್‌ಗಳನ್ನು ಲೇಸರ್‌ನಿಂದ ಬೆಸೆಯುತ್ತಾರೆ, ಬಿಸಿ ಕಡಿಮೆ ತಾಗುತ್ತದೆ, ಪ್ಲೇಟು ನೆಟ್ಟಗಿರುತ್ತದೆ. ದಾವಣಗೆರೆಯ ಶೆಡ್‌ನಲ್ಲಿ ನೀರಿನ ಟ್ಯಾಂಕ್ ಬೆಸೆಯುವ ಹುಡುಗನಿಗೂ ಅಲ್ಲಿಯ ಎಂಜಿನಿಯರ್‌ಗೂ ಎದುರಿರುವ ಸಮಸ್ಯೆ ಒಂದೇ. ಪತ್ರಿಕೆಯಲ್ಲಿ ಇದನ್ನು ಓದಿದ ದಿನ ಆ ಹುಡುಗನಿಗೆ ತನ್ನ ಕೆಲಸದ ಮೇಲೆ ಎಂಥ ಗೌರವ ಬರುತ್ತದೆ, ಯೋಚನೆ ಮಾಡಿ.

ಇನ್ನೊಂದು ವಿಷಯ. ಈ ಮೇಯರ್ ವೆರ್ಫ್ಟ್ ಇರುವುದು ಪಾಪೆನ್‌ಬರ್ಗ್ ಎಂಬ ಊರಿನಲ್ಲಿ. ಅದು ಸಮುದ್ರದ ದಡದಲ್ಲಿಲ್ಲ! ಎಮ್ಸ್ ನದಿಯ ಪಕ್ಕ, ಸಮುದ್ರದಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಒಳಗಿದೆ. 1795ರಲ್ಲಿ ಶುರುವಾದ ಹಡಗುಕಟ್ಟೆ. ಅಲ್ಲಿಯ ದೊಡ್ಡ ಶೆಡ್ ಸುಮಾರು ಅರ್ಧ ಕಿಲೋಮೀಟರ್ ಉದ್ದವಿದೆ, ಮಳೆ, ಹಿಮ ಏನೇ ಇದ್ದರೂ ಒಳಗೆ ಕೆಲಸ ನಡೆಯುತ್ತದೆ. ಹಡಗು ಮುಗಿದ ಮೇಲೆ ಆ ಕಿರಿದಾದ ನದಿಯಲ್ಲೇ ಅದನ್ನು ಸಮುದ್ರಕ್ಕೆ ಒಯ್ಯಬೇಕು. ನೀರು ಸಾಲದಿದ್ದರೆ ಗಾಂಡರ್ಸಮ್ ಹತ್ತಿರ 2002ರಲ್ಲಿ ಕಟ್ಟಿದ ತಡೆಗೇಟು ಮುಚ್ಚಿ ನದಿಯ ಮಟ್ಟ ಏರಿಸುತ್ತಾರೆ. ಟಗ್ ದೋಣಿಗಳು ಹಿಂದೆ ಮುಂದೆ ಹಿಡಿದುಕೊಂಡು ಹಡಗನ್ನು ಹಿಮ್ಮುಖವಾಗಿ, ನಿಧಾನಕ್ಕೆ ಕರೆದುಕೊಂಡು ಹೋಗುತ್ತವೆ. ಎರಡೂ ಬದಿಯಲ್ಲಿ ಹೊಲ, ದನ ಮೇಯುವ ಹುಲ್ಲುಗಾವಲು, ನಡುವೆ ಬಹುಮಹಡಿ ಕಟ್ಟಡದಷ್ಟು ಎತ್ತರದ ಬಿಳಿ ಹಡಗು. ಸಾವಿರಾರು ಜನ ಮಕ್ಕಳನ್ನು ಕಟ್ಟಿಕೊಂಡು ಬಂದು ರಾತ್ರಿಯೆಲ್ಲ ಏರಿ ಮೇಲೆ ನಿಂತು ನೋಡುತ್ತಾರೆ. ನಮ್ಮಲ್ಲಿ ತೇರು ಎಳೆಯುವುದನ್ನು ನೋಡಲು ಸೇರುವ ಜನರ ಸಡಗರವೇ ಅವರ ಮುಖದಲ್ಲೂ ಕಾಣುತ್ತದೆ. ಈ ನದಿಗೂ ಅದರಿಂದ ತೊಂದರೆಯಿದೆ. ಹಡಗಿಗಾಗಿ ಮತ್ತೆ ಮತ್ತೆ ಹೂಳೆತ್ತಿ ಆಳ ಮಾಡಿದ್ದರಿಂದ ನೀರು ಕೆಟ್ಟಿದೆ, ಮೀನಿಗೆ ಕಷ್ಟವಾಗಿದೆ ಅಂತ ಅಲ್ಲಿಯ ಪರಿಸರದವರು ವರ್ಷಗಟ್ಟಲೆಯಿಂದ ಹೇಳುತ್ತಿದ್ದಾರೆ. ಅದನ್ನೂ ಬರೆಯಿರಿ. ಮುಚ್ಚಿಟ್ಟು ಬರೀ ಹೊಗಳಬೇಡಿ.

ಹಡಗು ಕಟ್ಟುವುದು ಲಾಭದ ಸುಲಭ ದಾರಿ ಅಂತ ಯಾರಾದರೂ ಅಂದುಕೊಂಡಿದ್ದರೆ ಅದೂ ಸರಿಯಲ್ಲ. ಹಡಗಿನ ಬೆಲೆಯ ಶೇ 80ರಷ್ಟು ಹಣ ಕೊನೆಗೆ, ಹಸ್ತಾಂತರದ ದಿನ ಬರುವ ಒಪ್ಪಂದಗಳು ಮೇಯರ್ ವೆರ್ಫ್ಟ್‌ನವರದು. ಅಲ್ಲಿಯವರೆಗೆ ಉಕ್ಕಿನ ಬಿಲ್ಲು, ಸಂಬಳ ಎಲ್ಲಾ ಸಾಲದಲ್ಲೇ. ಕೊರೊನಾ ಬಂದು ಆರ್ಡರ್ ನಿಂತಿತು, ಆಮೇಲೆ ಸಾಮಗ್ರಿ ದುಬಾರಿಯಾಯಿತು, ಬೆಲೆ ಮಾತ್ರ ಹಳೇದು. 2024ರಲ್ಲಿ ಜರ್ಮನಿಯ ಕೇಂದ್ರ ಸರ್ಕಾರವೂ ಲೋವರ್ ಸ್ಯಾಕ್ಸನಿ ರಾಜ್ಯವೂ ಸೇರಿ ಶೇ 80ರಷ್ಟು ಪಾಲು ಕೊಂಡು ಆ ಹಡಗುಕಟ್ಟೆಯನ್ನು ಉಳಿಸಿಕೊಂಡವು. ಕೆಲಸ ಗೊತ್ತಿರುವ ಸಾವಿರಾರು ಕೈಗಳು ಚದುರಿಹೋದರೆ ಮತ್ತೆ ಸೇರಿಸಲು ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಬಟ್ಟೆ ಮಿಲ್ಲುಗಳನ್ನು ಕಳೆದುಕೊಂಡ ದಾವಣಗೆರೆಗೆ, ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಕಳೆದುಕೊಂಡ ಹರಿಹರಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಡಿಸ್ನಿ ಅಡ್ವೆಂಚರ್' ಹಡಗಿನ ಕಥೆ ಇನ್ನೂ ರೋಚಕ. 2018ರಲ್ಲಿ ಬೇರೆ ಹೆಸರಿನಲ್ಲಿ, 'ಗ್ಲೋಬಲ್ ಡ್ರೀಮ್' ಅಂತ, ಬೇರೆ ಕಂಪನಿಗೆ ಕಟ್ಟಲು ಶುರು ಮಾಡಿದ್ದು. ಮುಕ್ಕಾಲು ಪಾಲು ಕೆಲಸ ಮುಗಿದಿತ್ತು. 2022ರ ಜನವರಿಯಲ್ಲಿ ಜರ್ಮನಿಯ ವಿಸ್ಮಾರ್‌ನಲ್ಲಿದ್ದ ಆ ಹಡಗುಕಟ್ಟೆ ದಿವಾಳಿಯಾಯಿತು. ಅಷ್ಟು ದೊಡ್ಡ ಹಡಗು ಶೆಡ್‌ನೊಳಗೆ ಅರ್ಧಂಬರ್ಧ ನಿಂತುಬಿಟ್ಟಿತು, ಗುಜರಿಗೆ ಹೋಗುತ್ತದೆ ಅಂತಲೇ ಎಲ್ಲರೂ ಮಾತಾಡಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಡಿಸ್ನಿ ಅದನ್ನು ಕೊಂಡಿತು, ಮೇಯರ್ ವೆರ್ಫ್ಟ್‌ನವರು ಅಲ್ಲೇ ಹೋಗಿ ಕೆಲಸ ಮುಂದುವರಿಸಿದರು. ಸುಮಾರು 6,700 ಪ್ರಯಾಣಿಕರ ಹಡಗು, ನೆಲೆ ಸಿಂಗಪುರ. 2025ರ ಡಿಸೆಂಬರ್ 15ಕ್ಕೆ ಹೊರಡಬೇಕಿದ್ದ ಮೊದಲ ಪ್ರಯಾಣ 2026ರ ಮಾರ್ಚ್ 10ಕ್ಕೆ ಹೋಯಿತು. ಆಗ ಬಂದ ಸುದ್ದಿಯಲ್ಲಿ ಟಿಕೆಟ್ ತೆಗೆದುಕೊಂಡವರ ನಿರಾಸೆಯೇ ಇತ್ತು. ಸರಿ, ಅದೂ ನಿಜವಾದ ನಿರಾಸೆಯೇ. ಆದರೆ ನಿಂತುಹೋದ ಹಡಗನ್ನು ಮತ್ತೆ ಕೈಗೆತ್ತಿಕೊಂಡು, ಇನ್ನೊಬ್ಬರಿಗಾಗಿ ಹಾಕಿದ್ದ ಗೋಡೆ, ಪೈಪು ಬಿಚ್ಚಿ, ಹೊಸ ನಕ್ಷೆಗೆ ಹೊಂದಿಸುವುದು ಎಷ್ಟು ಕಷ್ಟ ಅಂತ ಒಂದು ಸಾಲು ಬರೆದಿದ್ದರೆ ಓದುಗರಿಗೆ ತಡ ಯಾಕೆ ಆಗುತ್ತದೆ ಅಂತ ಅರ್ಥವಾಗುತ್ತಿತ್ತು, ಅಲ್ವಾ?

ಇಷ್ಟೆಲ್ಲ ಯುರೋಪಿನ ಮಾತಾಯಿತು. ನಮ್ಮಲ್ಲಿ ಏನಿದೆ ಅಂದರೆ, ಈ ಗಾತ್ರದ ಕ್ರೂಸ್ ಹಡಗನ್ನು ಭಾರತದಲ್ಲಿ ಇನ್ನೂ ಕಟ್ಟಿಲ್ಲ. ಮುಂಬೈನಿಂದ ಓಡಿದ ಕಾರ್ಡೆಲಿಯಾ ಕಂಪನಿಯ 'ಎಂಪ್ರೆಸ್' ಹಡಗು 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ್ದು. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ 'ಗಂಗಾ ವಿಲಾಸ್' ನಮ್ಮದೇ, 51 ದಿನದ ಪ್ರಯಾಣ, ಆದರೆ ಅದು 36 ಜನರ ನದಿ ಹಡಗು. ಕೊಚ್ಚಿಯಲ್ಲಿ ಮಾತ್ರ 262 ಮೀಟರ್ ಉದ್ದದ ಐಎನ್‌ಎಸ್ ವಿಕ್ರಾಂತ್ ಕಟ್ಟಿದರು, 2022ರ ಸೆಪ್ಟೆಂಬರ್‌ನಲ್ಲಿ ಅದು ನೌಕಾಪಡೆಯ ಸೇವೆಗೆ ಸೇರಿತು. ವಿಮಾನವಾಹಕ ನೌಕೆಯನ್ನೇ ಕಟ್ಟಿದವರಿಗೆ ಕ್ರೂಸ್ ಹಡಗಿನ ಕನಸು ದೂರದ್ದೇನಲ್ಲ. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಹಡಗು ನಿರ್ಮಾಣಕ್ಕೆ 69,725 ಕೋಟಿ ರೂಪಾಯಿಯ ಪ್ಯಾಕೇಜಿಗೆ ಒಪ್ಪಿಗೆ ಕೊಟ್ಟಿದೆ. ಆ ದುಡ್ಡಿನ ಕೆಲಸಕ್ಕೆ ಕೈ ಬೇಕಲ್ಲ? ವೆಲ್ಡರ್, ಫಿಟ್ಟರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಪೇಂಟರ್ ಎಲ್ಲರೂ ಬೇಕು. ಅವರು ಬರುವುದು ಐಟಿಐಗಳಿಂದ, ಪಾಲಿಟೆಕ್ನಿಕ್‌ಗಳಿಂದ.

ನಮ್ಮ ರಾಜ್ಯದಲ್ಲೇ, ಮಲ್ಪೆಯಲ್ಲಿ ಹಡಗುಕಟ್ಟೆ ಇದೆ ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಅಂತ ಹೆಸರು. ಮುಂಚೆ ಟೆಬ್ಮಾ ಅಂತಿತ್ತು, ನಿಂತುಹೋಗಿತ್ತು, ಕೊಚ್ಚಿಯ ಹಡಗುಕಟ್ಟೆಯವರು ಕೊಂಡು ಮತ್ತೆ ನಡೆಸುತ್ತಿದ್ದಾರೆ. ಟಗ್‌ಗಳನ್ನು ಕಟ್ಟುತ್ತಾರೆ, ನಾರ್ವೆಯ ಕಂಪನಿಗೆ ಸರಕು ಹಡಗು ಕಟ್ಟುತ್ತಾರೆ. ನಾನು ಕೇಳಿದ ಹುಡುಗರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ದುಬೈನ ಏಜೆಂಟರ ನಂಬರ್ ಎಲ್ಲರ ಹತ್ತಿರವೂ ಇತ್ತು. ಡಿಪ್ಲೊಮಾ, ಎಂಜಿನಿಯರಿಂಗ್ ಓದುವವರಿಗೂ ಅಷ್ಟೇ. ಹಡಗಿನ ವಿನ್ಯಾಸ ಕಲಿಯಲು ಕೊಚ್ಚಿ ವಿಶ್ವವಿದ್ಯಾಲಯ ಇದೆ, ವಿಶಾಖಪಟ್ಟಣದಲ್ಲಿ ಇಂಡಿಯನ್ ಮೆರಿಟೈಮ್ ಯೂನಿವರ್ಸಿಟಿ ಇದೆ, ಖರಗ್‌ಪುರ, ಮದ್ರಾಸ್ ಐಐಟಿಗಳಿವೆ. ಸಿಇಟಿ ಸಮಯದಲ್ಲಿ ನೀವು ತರುವ ಮಾರ್ಗದರ್ಶಿ ಪುರವಣಿಯಲ್ಲಿ ಕಂಪ್ಯೂಟರ್ ಸೈನ್ಸ್ ಬಗ್ಗೆ ಪುಟಗಟ್ಟಲೆ ಇರುತ್ತದೆ, ಇದರ ಬಗ್ಗೆ ನಾನು ಒಂದು ಪ್ಯಾರಾ ಕೂಡ ನೋಡಿಲ್ಲ.

ಸಮುದ್ರ ದೂರ ಅನ್ನುವ ಮಾತನ್ನು ದಯವಿಟ್ಟು ಬಿಡಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದಾಗಲೂ ನಮ್ಮ ಜನ ಅಂಥ ದೊಡ್ಡ ಉಕ್ಕಿನ ಕಂಬ ಯಾವತ್ತೂ ನೋಡಿರಲಿಲ್ಲ. ಈಗ ಅದರ ಮೇಲೆ ಹತ್ತಿ ರಿಪೇರಿ ಮಾಡುವವರಲ್ಲಿ ಇಲ್ಲಿಯ ಹುಡುಗರಿದ್ದಾರೆ. ಹತ್ತಿರದಿಂದ ನೋಡಿದರು, ಕಲಿತರು. ಹಡಗನ್ನು ಹಾಗೆ ನೋಡಲು ಅವರಿಗೆ ಇಲ್ಲಿ ದಾರಿಯಿಲ್ಲ. ಪತ್ರಿಕೆಯೇ ತೋರಿಸಬೇಕು.

ನಾನು ಕೇಳುವುದು ಇಷ್ಟೇ. ಮುಂದಿನ ಹೊಸ ಹಡಗಿನ ಸುದ್ದಿ ಬಂದಾಗ ಏಜೆನ್ಸಿ ಕಳಿಸಿದ್ದನ್ನು ಸುಮ್ನೆ ಹಾಕಿ ಬಿಡಬೇಡಿ. ಅದನ್ನು ಎಲ್ಲಿ ಕಟ್ಟಿದರು, ಎಷ್ಟು ಸಮಯ ಹಿಡಿಯಿತು, ಯಾವ ಕೆಲಸ ಕಷ್ಟವಾಯಿತು ಅಂತ ಎರಡು ಪ್ಯಾರಾ ಸೇರಿಸಿ, ಎಂಟನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಹಾಗೆ. ಒಂದು ಬ್ಲಾಕ್ ಹೇಗೆ ಕೂರುತ್ತದೆ ಅಂತ ಚಿತ್ರ ಬರೆಸಿ ಹಾಕಿ. ನಿಮ್ಮ ಉಡುಪಿಯ ವರದಿಗಾರರನ್ನು, ಅನುಮತಿ ತೆಗೆದುಕೊಂಡು, ಮಲ್ಪೆಯ ಹಡಗುಕಟ್ಟೆಗೆ ಕಳಿಸಿ. ಅಲ್ಲಿ ಕೆಲಸ ಮಾಡುವ ವೆಲ್ಡರ್‌ಗಳನ್ನು, ಫಿಟ್ಟರ್‌ಗಳನ್ನು ಮಾತಾಡಿಸಲಿ. ಯಾವ ಟ್ರೇಡ್ ಓದಿದ್ದಾರೆ, ಯಾವ ಪರೀಕ್ಷೆ ಪಾಸಾಗಿ ಸೇರಿದರು, ಸಂಬಳ ಎಷ್ಟು, ಉಳಿಯಲು ವ್ಯವಸ್ಥೆ ಏನು ಅಂತ ಕೇಳಿ ಬರೆಯಲಿ. ಐಟಿಐ ಪ್ರವೇಶದ ಅರ್ಜಿ ಕರೆಯುವ ಮೊದಲು ಅದು ಅಚ್ಚಾದರೆ ಇನ್ನೂ ಒಳ್ಳೆಯದು. ಅಚ್ಚಾದ ಪುಟವನ್ನು ನಾನೇ ಜೆರಾಕ್ಸ್ ಮಾಡಿಸಿ ದಾವಣಗೆರೆ, ಹರಿಹರ, ಜಗಳೂರು, ಚಿತ್ರದುರ್ಗದ ಐಟಿಐಗಳ ನೋಟಿಸ್ ಬೋರ್ಡಿಗೆ ಅಂಟಿಸಿ ಬರುತ್ತೇನೆ.

ಇಂತಿ,
ನಿವೃತ್ತ ವೆಲ್ಡರ್ ಟ್ರೇಡ್ ಬೋಧಕ
ವಿನೋಬನಗರ, ದಾವಣಗೆರೆ