ಎರಡು ಡೇಕೇರ್‌ಗಳ ನಡುವಿನ ಆಯ್ಕೆ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಎರಡು ವರ್ಷದ ಮಗುವಿಗೆ ಮಂಗಳೂರಿನ ಕದ್ರಿಯ ಡೇಕೇರ್ ಸೂಕ್ತವೋ, ಕಂಕನಾಡಿಯದೋ ಎಂದು ಸದಸ್ಯರೊಬ್ಬರು ಕೇಳಿದ್ದಾರೆ. ಮೊದಲನೆಯದರಲ್ಲಿ ಅಕ್ಷರ, ರೈಮ್ಸ್‌ಗಳ ವೇಳಾಪಟ್ಟಿಯಿದೆ. ಎರಡನೆಯದು ಆಟ, ಊಟ, ನಿದ್ರೆಗಷ್ಟೇ ಒತ್ತು ಕೊಡುತ್ತದೆ. ಈ ವಯಸ್ಸಿಗೆ ಅಕ್ಷರದ ಅವಸರವಿಲ್ಲವೆಂಬುದು ನನ್ನ ಅಭಿಪ್ರಾಯ.

ಮುಖ್ಯವಾಗಿ ವಿಚಾರಿಸಬೇಕಾದುದು ಆರೈಕೆಯವರ ಸಂಖ್ಯೆಯನ್ನು. ಉದ್ಯೋಗಸ್ಥಳದ ಶಿಶುಪಾಲನಾ ಕೇಂದ್ರಗಳಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆಯನ್ನು ಸೂಚಿಸುತ್ತದೆ. ಖಾಸಗಿ ಡೇಕೇರ್‌ಗಳನ್ನು ಅಳೆಯಲೂ ಅದನ್ನು ಕನಿಷ್ಠ ಮಟ್ಟವೆಂದೇ ಇಟ್ಟುಕೊಳ್ಳಿ. ಆದರೆ ಕಚೇರಿಯಲ್ಲಿ ಹೇಳುವ ಲೆಕ್ಕಕ್ಕಿಂತ, ಮಕ್ಕಳ ಊಟದ ಹೊತ್ತಿಗೆ ಹೋಗಿ, ಯಾರು ಉಣಿಸುತ್ತಾರೆ, ಹಟ ಹಿಡಿದ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಬಟ್ಟೆ ಒದ್ದೆಯಾದರೆ ಎಷ್ಟು ಬೇಗ ಬದಲಿಸುತ್ತಾರೆ ಎಂಬುದನ್ನು ಕಣ್ಣಾರೆ ನೋಡುವುದು ಹೆಚ್ಚು ವಿಶ್ವಾಸಾರ್ಹ. ಮುನ್ಸೂಚನೆಯಿಲ್ಲದೆ ಪೋಷಕರು ಒಳಗೆ ಬರಬಾರದೆನ್ನುವ ಕಡೆ ನಾನಂತೂ ಮಗುವನ್ನು ಬಿಡಲಾರೆ.

ಮನೆಯಲ್ಲಿ ತುಳು ಅಥವಾ ಕೊಂಕಣಿಯನ್ನಷ್ಟೇ ಕೇಳಿ ಬೆಳೆದ ಮಗುವಿಗೆ ಆ ಭಾಷೆ ಬಲ್ಲವರೊಬ್ಬರು ಅಲ್ಲಿರಲಿ. ನೀರು ಬೇಕೆಂದರೆ ಅರ್ಥವಾಗಬೇಕಲ್ಲ! ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನ ಡೇಕೇರ್ ತೆರೆದಿರುತ್ತದೆಯೇ ಎಂಬುದನ್ನೂ ಶುಲ್ಕ ಕಟ್ಟುವ ಮೊದಲೇ ಕೇಳಿಕೊಳ್ಳಿ, ಏಕೆಂದರೆ ನಮ್ಮ ಕಚೇರಿಗಳಿಗೆ ಅಂದು ಸಾಮಾನ್ಯವಾಗಿ ರಜೆಯಿರುವುದಿಲ್ಲ.

50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯು ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ನಿಯಮ ತಂದಿತು. ಆದ್ದರಿಂದ ನಿಮ್ಮ ಸಂಸ್ಥೆಯಲ್ಲೂ ಒಮ್ಮೆ ವಿಚಾರಿಸಿರಿ. ಈ ಎರಡೂ ಡೇಕೇರ್‌ಗಳ ಅನುಭವವಿರುವವರು ದಯವಿಟ್ಟು ಗುಂಪಿನಲ್ಲೇ ಬರೆಯಬೇಕಾಗಿ ವಿನಂತಿ.