ಮಣಿಕಟ್ಟಿನ ಆಪರೇಷನ್‌ಗೆ 'ತಪಾಸಣೆ' ಎಂದು ಹೆಸರಿಟ್ಟು ಕ್ಲೇಮ್ ತಿರಸ್ಕರಿಸಿದ ಬಗ್ಗೆ ದೂರು

ಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಆರೋಗ್ಯ ವಿಮಾ ವಿಭಾಗ

ವಿಷಯ: ಬಲ ಮಣಿಕಟ್ಟಿನ ಆರ್ತ್ರೋಸ್ಕೋಪಿ (ಕೀಲಿನೊಳಗೆ ಕ್ಯಾಮೆರಾ ಇಳಿಸಿ ಮಾಡುವ) ಶಸ್ತ್ರಚಿಕಿತ್ಸೆ, 1,38,400 ರೂ. ಕ್ಲೇಮ್

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಟೈಲರ್. ಆರು ವರ್ಷದಿಂದ ಒಂದು ಕಂತೂ ತಪ್ಪಿಸದೆ ನಿಮ್ಮಲ್ಲಿ ಪ್ರೀಮಿಯಂ ಕಟ್ಟುತ್ತಿದ್ದೇನೆ. ಕಳೆದ ವಾರ ಬಂದ ನಿಮ್ಮ ಪತ್ರದಲ್ಲಿರುವುದು ಒಂದೇ ಸಾಲು: ಆರ್ತ್ರೋಸ್ಕೋಪಿ ತಪಾಸಣೆಯ ವಿಧಾನ, ಎಕ್ಸ್‌ಕ್ಲ್ 04ರ (ಬರೀ ತಪಾಸಣೆಯ ಖರ್ಚನ್ನು ಹೊರಗಿಡುವ ಷರತ್ತು) ಪ್ರಕಾರ ಹಣ ಬರುವುದಿಲ್ಲ. ಬರೆದವರು ಡಿಸ್ಚಾರ್ಜ್ ಸಮ್ಮರಿಯ ಎರಡನೇ ಪುಟ ತಿರುವಿದಂತಿಲ್ಲ.

ಮಳೆಯಲ್ಲಿ ಸ್ಕೂಟರ್ ಜಾರಿ, ಬಲಗೈ ಊರಿ ಬಿದ್ದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು. ಆದರೆ ಕಿರುಬೆರಳಿನ ಕಡೆಯ ನೋವು ಬಿಡಲಿಲ್ಲ. ಒದ್ದೆ ಬಟ್ಟೆ ಹಿಂಡಲು, ಬೀಗದ ಕೈ ತಿರುಗಿಸಲು ಆಗುತ್ತಿರಲಿಲ್ಲ. ಪ್ಯಾಂಟಿನ ಬಟ್ಟೆಗೆ ದೊಡ್ಡ ಕತ್ತರಿ ಹಾಕಿದರೆ ಮಣಿಕಟ್ಟಿನೊಳಗೆ 'ಟಕ್' ಎಂದು ಸದ್ದಾಗಿ ಕತ್ತರಿ ಕೈಜಾರುತ್ತಿತ್ತು. ಮೂರು ತಿಂಗಳು ಪಟ್ಟಿ ಕಟ್ಟಿ ನೋಡಿ, ಕೊನೆಗೆ ಎಂಆರ್‌ಐ ಮಾಡಿಸಿದರು. ಮುಂಗೈಯ ಎರಡು ಮೂಳೆಗಳನ್ನು ಮಣಿಕಟ್ಟಿನ ಬಳಿ ಹಿಡಿದಿಡುವ ಟಿಎಫ್‌ಸಿಸಿ ಎಂಬ ಲಿಗಮೆಂಟು-ಕಾರ್ಟಿಲೇಜಿನ ಜೋಡಣೆ ಕಿರುಬೆರಳಿನ ಕಡೆಯ ಅಲ್ನಾ ಮೂಳೆಯಿಂದ ಕಿತ್ತುಬಂದಿತ್ತು. ತಪಾಸಣೆ ಅಲ್ಲಿಗೇ ಮುಗಿದಿತ್ತು.

ಆಮೇಲೆ ಆದದ್ದು ಆಪರೇಷನ್. ಬೆರಳುಗಳಿಗೆ ಜಾಳಿಗೆ ತೊಡಿಸಿ ಕೈಯನ್ನು ನೇತುಹಾಕಿ, ಮಣಿಕಟ್ಟಿನ ಹಿಂಬದಿಯ ಸಣ್ಣ ರಂಧ್ರಗಳಿಂದ ಎರಡು-ಮೂರು ಮಿ.ಮೀ. ದಪ್ಪದ ಕ್ಯಾಮೆರಾ ಇಳಿಸಿ, ಕಿತ್ತ ಅಂಚನ್ನು ಸ್ಯೂಚರ್ ಆ್ಯಂಕರ್ (ಹೊಲಿಗೆಯ ದಾರವನ್ನು ಮೂಳೆಗೆ ಹಿಡಿಸುವ ಸಣ್ಣ ಮೊಳೆ) ಹಾಕಿ ಮೂಳೆಗೆ ಬಿಗಿದಿದ್ದಾರೆ. ಆ ಆ್ಯಂಕರಿನ ಸ್ಟಿಕ್ಕರ್ ಬಿಲ್ಲಿಗೇ ಅಂಟಿಸಿದೆ. ತಪಾಸಣೆಗೆಂದು ಯಾರಾದರೂ ಮೂಳೆಗೆ ಆ್ಯಂಕರ್ ಹೊಡೆಯುತ್ತಾರೆಯೇ? ಹೊಲಿಗೆ ಯಾವುದು, ಬಟ್ಟೆ ಮುಟ್ಟಿ ನೋಡುವುದು ಯಾವುದು ಎಂಬುದು ನನಗೆ ಗೊತ್ತಾಗುತ್ತದೆ.

ಫೋನ್ ಮಾಡಿದಾಗ ನಿಮ್ಮವರು ಹೊಸದೊಂದು ಕಾರಣ ತೆಗೆದರು: "ವಯಸ್ಸಿನ ಸವೆತ ಇರಬಹುದು ಸರ್." ಡಾಕ್ಟರು ನನಗೆ ಚಿತ್ರ ಬರೆದು ವಿವರಿಸಿದ್ದಾರೆ. ಸವೆತ ಸಾಮಾನ್ಯವಾಗಿ ಆ ಜೋಡಣೆಯ ನಡುಭಾಗದಲ್ಲಿ. ಅಲ್ಲಿಗೆ ರಕ್ತ ಹರಿಯುವುದಿಲ್ಲ, ಹೊಲಿದರೂ ಕೂಡುವುದಿಲ್ಲ. ಅಂಚಿಗೆ ರಕ್ತ ಸಿಗುತ್ತದೆ, ಅದಕ್ಕೇ ಹೊಲಿಯುತ್ತಾರೆ. ನನ್ನ ಸಮ್ಮರಿಯಲ್ಲಿ 'ಪಾಮರ್ 1ಬಿ' ಎಂದಿದೆ; ಪಾಮರ್ ಎಂಬುದು ಟಿಎಫ್‌ಸಿಸಿ ಗಾಯಗಳನ್ನು ವಿಂಗಡಿಸುವ ಪಟ್ಟಿ. 1 ಎಂದರೆ ಪೆಟ್ಟಿನದು, 2 ಎಂದರೆ ಸವೆತದ್ದು.

ಮರುದಿನವೇ ಮನೆಗೆ ಹೋಗಿದ್ದೀರಿ ಎಂಬುದೂ ಅವರ ಆಕ್ಷೇಪ. ತಂತ್ರಜ್ಞಾನದಿಂದಾಗಿ 24 ಗಂಟೆಯೊಳಗೆ ಮುಗಿಯುವ ಶಸ್ತ್ರಚಿಕಿತ್ಸೆಯೂ ಡೇ ಕೇರ್ ಎಂದು ನಿಮ್ಮ ಪಾಲಿಸಿಯೇ ಹೇಳುತ್ತದೆ. ಮೂರಿಂಚು ಕೊಯ್ದು ನಾಲ್ಕು ದಿನ ಮಲಗಿಸಿದ್ದರೆ ಕೊಡುತ್ತಿದ್ದಿರೇನೋ!

ಪೂರ್ತಿ ಮೊತ್ತ ಪಾವತಿಸಿ. ಇಲ್ಲವಾದರೆ ಆಪರೇಷನ್ ನೋಟ್ಸ್ ಓದಿದ ಮೂಳೆ ತಜ್ಞರ ಸಹಿ ಇರುವ ಕಾರಣ ಕೊಡಿ. 30 ದಿನದೊಳಗೆ ಉತ್ತರ ಬಾರದಿದ್ದರೆ ಬೆಂಗಳೂರಿನ ಜೆ.ಪಿ. ನಗರದ ವಿಮಾ ಲೋಕಪಾಲರ ಕಚೇರಿಗೆ ದೂರು ಕೊಡುತ್ತೇನೆ.

ಮೊಣಕೈ ಮೇಲಿನವರೆಗೆ ಪ್ಲಾಸ್ಟರ್ ಇರುವುದರಿಂದ ಮಗಳ ಕೈಯಲ್ಲಿ ಟೈಪ್ ಮಾಡಿಸಿ, ಎಡಗೈಯಲ್ಲಿ ಸಹಿ ಹಾಕಿದ್ದೇನೆ. ಪಾಲಿಸಿಯ ಸಹಿಗೆ ತಾಳೆಯಾಗುತ್ತಿಲ್ಲ ಎಂದು ಇದನ್ನೂ ವಾಪಸ್ ಕಳಿಸಬೇಡಿ.

ಇಂತಿ,
ನಿಮ್ಮ ಪಾಲಿಸಿದಾರ